ರಾಜಿಯಿಂದ ದಾಖಲೆಗೆ: ಕೌಟುಂಬಿಕ ಹಿಂಸೆ ಮತ್ತು ವಿಶೇಷ ಪೊಲೀಸ್ ಘಟಕಗಳು – ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರವನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ಕೃಷ್ಣಾ-ಘಟಪ್ರಭಾ ನದಿಗಳ ನಡುವಣ ಪ್ರದೇಶದ ಇತಿಹಾಸವನ್ನು ಕುರಿತ ಅಧ್ಯಯನಗಳಲ್ಲಿ ಸಂಸ್ಥಾನಗಳ ಆಡಳಿತ, ಭೂಹಿಡುವಳಿ, ನೇಕಾರಿಕೆ, ನೀರಾವರಿ ಮೊದಲಾದ ವಿಷಯಗಳಿಗೆ ದೊರೆತ ಗಮನ ಮನೆಯೊಳಗಿನ ಹಿಂಸೆಗೆ ದೊರೆತಿಲ್ಲ. ಇದಕ್ಕೆ ಆಸಕ್ತಿಯ ಕೊರತೆಗಿಂತ ಆಕರಗಳ ಕೊರತೆಯೇ ಮುಖ್ಯ ಕಾರಣ. ಹೊಲದ ಗಡಿಯ ವ್ಯಾಜ್ಯ ದಫ್ತರಿನಲ್ಲಿ ಉಳಿಯುತ್ತದೆ. ಸಾಲದ ಪತ್ರ ಉಳಿಯುತ್ತದೆ. ಗಂಡನ ಹೊಡೆತ ತಾಳದೆ ತವರಿಗೆ ಬಂದ ಹೆಣ್ಣುಮಗಳ ಅಹವಾಲು ಹಿರಿಯರ ಕಟ್ಟೆಯ ಮೇಲೆ ಮಾತಾಗಿ ಹುಟ್ಟಿ ಅಲ್ಲಿಯೇ ಮುಗಿದುಹೋಗುತ್ತದೆ. ಬರೆದಿಡದ ಹಿಂಸೆಗೆ ಇತಿಹಾಸವಿಲ್ಲ, ಶಿಕ್ಷೆಯೂ ಇಲ್ಲ.

ಈ ದೃಷ್ಟಿಯಿಂದ, ಕಳೆದ ನಾಲ್ಕು-ಐದು ದಶಕಗಳಲ್ಲಿ ಭಾರತದಲ್ಲಿ ರೂಪುಗೊಂಡ ವಿಶೇಷ ಪೊಲೀಸ್ ಘಟಕಗಳನ್ನು, ಅಂದರೆ ಮಹಿಳಾ ಪೊಲೀಸ್ ಠಾಣೆ, ವಿಶೇಷ ಕೋಶ, ಮಹಿಳಾ ಸಹಾಯ ಕೇಂದ್ರ ಇತ್ಯಾದಿಗಳನ್ನು, ಅಂದಿನ ಜಮಖಂಡಿ, ಮುಧೋಳ ಸಂಸ್ಥಾನಗಳ ನೆಲದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂಥ ಘಟಕಗಳು ಹಿಂಸೆಯನ್ನು ತಗ್ಗಿಸಬಲ್ಲವೇ ಎಂಬ ಪ್ರಶ್ನೆಗೆ ಉತ್ತರ ಅವುಗಳ ಹೆಸರಿನಲ್ಲಾಗಲಿ ಸಮವಸ್ತ್ರದಲ್ಲಾಗಲಿ ಇಲ್ಲ. ಬಾಗಿಲಿಗೆ ಬಂದ ಹೆಣ್ಣುಮಗಳ ಮಾತನ್ನು ಅವು ಬರೆದುಕೊಳ್ಳುತ್ತವೆಯೋ ಅಥವಾ ರಾಜಿಗೆ ಕಳುಹಿಸುತ್ತವೆಯೋ ಎಂಬುದರಲ್ಲಿದೆ ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

2. ಆಡಳಿತದ ಹಿನ್ನೆಲೆ

ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಈ ನಾಲ್ಕು ತಾಲೂಕುಗಳು ಸ್ವಾತಂತ್ರ್ಯಪೂರ್ವದಲ್ಲಿ ಒಂದೇ ಆಡಳಿತದಡಿ ಇರಲಿಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ, ತೇರದಾಳಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು, ಬೀಳಗಿ ಬ್ರಿಟಿಷ್ ಆಡಳಿತದ ವಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳಿಗೆ ತಮ್ಮದೇ ಪೊಲೀಸ್ ವ್ಯವಸ್ಥೆಯೂ ನ್ಯಾಯಾಲಯಗಳೂ ಇದ್ದವು. ಪಟವರ್ಧನ ಸಂಸ್ಥಾನಗಳ ದಫ್ತರ ಬಹುಮಟ್ಟಿಗೆ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಕನ್ನಡವನ್ನಷ್ಟೇ ಬಲ್ಲ, ಅಕ್ಷರವನ್ನೇ ಕಾಣದ ನೇಕಾರ ಅಥವಾ ರೈತ ಮನೆತನದ ಹೆಂಗಸಿಗೆ ಆ ದಫ್ತರ ಎರಡು ಪಟ್ಟು ದೂರವಾಗಿತ್ತು.

1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರಲ್ಲಿ ವಿಜಾಪುರ ಜಿಲ್ಲೆಯೊಡನೆ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ರಬಕವಿ-ಬನಹಟ್ಟಿ 2017-18ರ ತಾಲೂಕು ಪುನರ್ವಿಂಗಡಣೆಯಲ್ಲಿ ಹೊಸ ತಾಲೂಕಾಯಿತು.

ಈ ಬದಲಾವಣೆಗಳ ನಡುವೆಯೂ ಬಹುಕಾಲ ಬದಲಾಗದೆ ಉಳಿದ ಸಂಸ್ಥೆಯೊಂದಿತ್ತು. ಮುಂಬಯಿ ಪ್ರಾಂತದ 1867ರ ಗ್ರಾಮ ಪೊಲೀಸ್ ಕಾಯಿದೆಯು ಊರಿನ ಪೊಲೀಸ್ ಪಾಟೀಲನಿಗೆ ಅಪರಾಧವನ್ನು ಮೇಲಧಿಕಾರಿಗಳಿಗೆ ತಿಳಿಸುವ ಹೊಣೆಯನ್ನು ವಹಿಸಿತ್ತು. ಅದೇ ಪಾಟೀಲ ವಂಶಪಾರಂಪರ್ಯವಾಗಿ ಊರಿನ ಹಿರಿಯನೂ ಹೌದು. ಗಂಡ-ಹೆಂಡಿರ ಜಗಳ ಬಂದಾಗ ಕಟ್ಟೆಯ ಮೇಲೆ ಕೂಡುವ ಹಿರಿಯರಲ್ಲಿ ಮೊದಲಿಗನೂ ಹೌದು. ವರದಿ ಮಾಡಬೇಕಾದವನೂ ರಾಜಿ ಮಾಡಿಸುವವನೂ ಒಬ್ಬನೇ ಆದಾಗ ಮನೆಯೊಳಗಿನ ಹಿಂಸೆ ಪೊಲೀಸ್ ದಾಖಲೆಗೆ ಏರುವುದು ಅಪರೂಪವೇ ಸರಿ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಪಾಟೀಲಕಿ ಹೋಯಿತು. ಆದರೆ ಮನೆಯ ಮಾತು ಮನೆಯಲ್ಲೇ ಮುಗಿಯಬೇಕೆಂಬ, ಠಾಣೆಯೆಂಬುದು ಕೊನೆಯ ಮೆಟ್ಟಿಲೆಂಬ ಅಂದಿನ ಪದ್ಧತಿ ಠಾಣೆಯ ಒಳಗೂ ಮುಂದುವರಿಯಿತು.

3. ಮನೆ, ಮಗ್ಗ, ಹೊಲ

ಹಿಂಸೆಯ ಸ್ವರೂಪವನ್ನು ಅರಿಯಲು ಇಲ್ಲಿಯ ಬದುಕಿನ ಕಟ್ಟನ್ನು ಗಮನಿಸಬೇಕಾಗುತ್ತದೆ. ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗವಿರಲಿ ವಿದ್ಯುತ್ ಮಗ್ಗವಿರಲಿ, ಬಹುಪಾಲು ಮನೆಗಳಲ್ಲಿ ಬದುಕುವ ಸ್ಥಳವೂ ದುಡಿಯುವ ಸ್ಥಳವೂ ಒಂದೇ. ಕಂಡಿಕೆ ಸುತ್ತುವ ಕೆಲಸ ಹೆಂಗಸರದು. ಅದಕ್ಕೆ ಪ್ರತ್ಯೇಕ ಕೂಲಿ ಎಣಿಸುವುದು ವಿರಳ. ಹಿಂಸೆಯಿಂದ ಮನೆ ಬಿಟ್ಟ ಹೆಣ್ಣುಮಗಳು ಸೂರಿನೊಡನೆ ಉದ್ಯೋಗವನ್ನೂ ಬಿಟ್ಟಂತಾಗುತ್ತದೆ. ಜಮಖಂಡಿ, ಮುಧೋಳಗಳಲ್ಲಿ ನೀರಾವರಿ ಮತ್ತು ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಮೃದ್ಧಿಯನ್ನು ತಂದವು. ಆದರೆ ಬಿಲ್ಲಿನ ಹಣ ಜಮೀನಿನ ಖಾತೆದಾರನ ಕೈ ಸೇರುತ್ತದೆ, ಆತ ಸಾಮಾನ್ಯವಾಗಿ ಗಂಡಸು. ಬೀಳಗಿಯಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರು ಹಳ್ಳಿಗಳನ್ನು ಮುಳುಗಿಸಿ ಪುನರ್ವಸತಿ ಕೇಂದ್ರಗಳನ್ನು ಸೃಷ್ಟಿಸಿತು. ಪರಿಹಾರದ ಹಣವೂ ಖಾತೆದಾರನಿಗೇ ಸಂದಿತು. ಹಳೆಯ ಓಣಿಯ ನೆರೆಹೊರೆ ಚದುರಿತು. ಹಿಂಸೆಗೆ ಒಳಗಾದವಳ ಕೂಗಿಗೆ ಓಡಿಬರುತ್ತಿದ್ದ ನೆರೆಯೂ ಅದರೊಡನೆ ಕಳೆಯಿತು.

ಇನ್ನೊಂದು ಅಂಶವೆಂದರೆ ಮದುವೆಯ ಪದ್ಧತಿ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವುದು ಈ ಭಾಗದಲ್ಲಿ ರೂಢಿ. ಸಂಬಂಧದೊಳಗೆ ಕೊಟ್ಟ ಮಗಳು ಸುಖವಾಗಿರುತ್ತಾಳೆಂಬುದು ಇದರ ಹಿಂದಿನ ನಂಬಿಕೆ. ಆದರೆ ಹೊಡೆಯುವ ಗಂಡ ತಾಯಿಯ ತಮ್ಮನೇ ಆಗಿದ್ದಾಗ ದೂರು ಕೊಡುವುದೆಂದರೆ ತವರನ್ನೂ ಕಳೆದುಕೊಳ್ಳುವುದು. ಅಂಥ ಮನೆಯಲ್ಲಿ ರಾಜಿ ಮಾಡಿಸುವ ಹಿರಿಯನು ಆಕೆಗೆ ಅಜ್ಜನೂ ಗಂಡನಿಗೆ ತಂದೆಯೂ ಆಗಿರುತ್ತಾನೆ. ಹೊರಗಿನ, ನಿಷ್ಪಕ್ಷಪಾತ ಸಂಸ್ಥೆಯೊಂದರ ಅಗತ್ಯ ಇಲ್ಲಿ ಇತರ ಪ್ರದೇಶಗಳಿಗಿಂತ ಹೆಚ್ಚು ಎನ್ನಲು ಇದೂ ಒಂದು ಕಾರಣ.

4. ಕಾನೂನಿನ ಬೆಳವಣಿಗೆ

1961ರ ವರದಕ್ಷಿಣೆ ನಿಷೇಧ ಕಾಯಿದೆ ಎರಡು ದಶಕಗಳ ಕಾಲ ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ 498-ಎ ಕಲಮು ಸೇರಿ, ಗಂಡ ಹಾಗೂ ಆತನ ಸಂಬಂಧಿಕರ ಕ್ರೌರ್ಯ ಮೊದಲ ಬಾರಿಗೆ ಪ್ರತ್ಯೇಕ ಅಪರಾಧವಾಯಿತು. 1986ರಲ್ಲಿ 304-ಬಿ ಕಲಮು ಮದುವೆಯಾದ ಏಳು ವರ್ಷಗಳೊಳಗಿನ ವರದಕ್ಷಿಣೆ ಸಾವನ್ನು ವ್ಯಾಖ್ಯಾನಿಸಿತು. 2024ರ ಜುಲೈ 1ರಿಂದ ಇವು ಭಾರತೀಯ ನ್ಯಾಯ ಸಂಹಿತೆಯ 85, 86 ಮತ್ತು 80ನೆಯ ಕಲಮುಗಳಾಗಿವೆ.

ಇವೆಲ್ಲವೂ ಶಿಕ್ಷೆಯ ಕಾನೂನುಗಳು. ಹೆಣ್ಣುಮಗಳಿಗೆ ಆ ರಾತ್ರಿ ಎಲ್ಲಿ ಮಲಗಬೇಕೆಂಬ ಪ್ರಶ್ನೆಗೆ ಉತ್ತರ ನೀಡಿದ್ದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಕಾಯಿದೆ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಈ ಕಾಯಿದೆ ರಕ್ಷಣೆ, ವಾಸ, ಜೀವನಾಂಶ, ಮಕ್ಕಳ ಸುಪರ್ದಿಗಳ ಬಗೆಗೆ ಆದೇಶ ನೀಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಕಾಯಿದೆಯ 5ನೆಯ ಕಲಮಿನಂತೆ, ಹಿಂಸೆಯ ಸುದ್ದಿ ತಿಳಿದ ಪೊಲೀಸ್ ಅಧಿಕಾರಿ ಆಕೆಗೆ ಇರುವ ಹಕ್ಕುಗಳನ್ನೂ ಉಚಿತ ಕಾನೂನು ನೆರವನ್ನೂ ತಿಳಿಸಲೇಬೇಕು. ರಕ್ಷಣಾಧಿಕಾರಿಯ ಕೆಲಸವನ್ನು ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಅಂಗನವಾಡಿಗಳ ಉಸ್ತುವಾರಿಯ ಜೊತೆಗೆ ಬಂದ ಈ ಹೊಣೆಯನ್ನು ಅವರೊಬ್ಬರೇ ನಿಭಾಯಿಸುವುದು ಕಠಿಣ. ಮ್ಯಾಜಿಸ್ಟ್ರೇಟರ ರಕ್ಷಣಾ ಆದೇಶವನ್ನು ಮೀರಿದವನಿಗೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂ.ವರೆಗೆ ದಂಡ ಅಥವಾ ಎರಡೂ ಉಂಟು. ಇಲ್ಲಿ ಪೊಲೀಸರ ಪಾತ್ರ ಮತ್ತೆ ಆರಂಭವಾಗುತ್ತದೆ.

ಈ ಪ್ರದೇಶಕ್ಕೆ ವಿಶೇಷವಾಗಿ ಸಂಬಂಧಿಸಿದ ಮೂರು ಅಂಶಗಳನ್ನು ಗಮನಿಸಬಹುದು. ಮೊದಲನೆಯದು ವಾಸದ ಹಕ್ಕು. ಮಾವನ ಹೆಸರಿನ ಮನೆಯಲ್ಲಿ ಸೊಸೆಗೆ ವಾಸದ ಹಕ್ಕಿಲ್ಲವೆಂದು 2006ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, 2020ರ ಸತೀಶ ಚಂದರ್ ಅಹುಜಾ ಪ್ರಕರಣದಲ್ಲಿ ಆ ನಿಲುವನ್ನು ತಳ್ಳಿಹಾಕಿತು. ಮಗ್ಗವಿರುವ ಮನೆ ಮಾವನ ಹೆಸರಿನಲ್ಲಿರುವ ನೇಕಾರ ಕುಟುಂಬಗಳಲ್ಲಿ ಇದರ ಬೆಲೆ ದೊಡ್ಡದು. ಎರಡನೆಯದು ಗಡಿ. ಸಾಂಗಲಿ, ಕೊಲ್ಹಾಪುರ, ಸೊಲ್ಲಾಪುರ ಕಡೆಗೆ ಹೆಣ್ಣು ಕೊಟ್ಟು ತರುವ ಸಂಬಂಧಗಳು ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ತವರಿಗೆ ಬಂದು ಆಶ್ರಯ ಪಡೆದ ಮಹಿಳೆ ಅಲ್ಲಿಯೇ 498-ಎ ದೂರು ನೀಡಬಹುದೆಂದು 2019ರ ರೂಪಾಲಿ ದೇವಿ ಪ್ರಕರಣದಲ್ಲಿ ತೀರ್ಮಾನವಾಗಿರುವುದರಿಂದ, ಘಟನೆ ನಡೆದ ಊರಿಗೇ ಹೋಗಿ ದೂರು ಕೊಡಿರೆಂದು ಮರಳಿ ಕಳುಹಿಸಲು ಠಾಣೆಗೆ ಈಗ ಅವಕಾಶವಿಲ್ಲ. ಮೂರನೆಯದು ಮದುವೆಯ ಪುರಾವೆ. ದೇವದಾಸಿ ಪದ್ಧತಿಯನ್ನು 1982ರ ಕರ್ನಾಟಕ ಕಾಯಿದೆ ನಿಷೇಧಿಸಿದ್ದರೂ ಅದರ ನೆರಳಿನಲ್ಲಿ ಬದುಕಿದ ಮಹಿಳೆಯರು ಜಮಖಂಡಿ, ಮುಧೋಳ ಭಾಗದಲ್ಲಿದ್ದಾರೆ. ಕಾನೂನಿನ ಪ್ರಕಾರ ಗಂಡನೆಂಬವನಿಲ್ಲದ ಇವರಿಗೆ 498-ಎ ನೆರವಾಗದು. ಆದರೆ 2005ರ ಕಾಯಿದೆ ಮದುವೆಯ ಸ್ವರೂಪದ ಸಂಬಂಧವನ್ನೂ ಒಳಗೊಳ್ಳುತ್ತದೆ. ಅಂಥ ಸಂಬಂಧವಿದೆಯೇ ಎಂಬುದನ್ನು ಆಯಾ ಪ್ರಕರಣದ ಸಂಗತಿಗಳ ಮೇಲೆ ನ್ಯಾಯಾಲಯ ನಿರ್ಧರಿಸುತ್ತದೆ. ಮಗನಿಂದ ಹೊಡೆಸಿಕೊಳ್ಳುವ ತಾಯಿಗೂ ಅದೇ ಕಾಯಿದೆಯಲ್ಲಿ ಪರಿಹಾರವುಂಟು. ಇದನ್ನು ಬಲ್ಲ ಅಧಿಕಾರಿ ಠಾಣೆಯಲ್ಲಿದ್ದರೆ ದೂರು ದಾಖಲಾಗುತ್ತದೆ. ಇಲ್ಲದಿದ್ದರೆ ಆಕೆ ಬಾಗಿಲಿನಿಂದಲೇ ಮರಳುತ್ತಾಳೆ. ವಿಶೇಷ ಘಟಕದ ಮೊದಲ ಸಮರ್ಥನೆ ಈ ತಿಳಿವಳಿಕೆಯೇ.

5. ವಿಶೇಷ ಘಟಕಗಳ ಪರಂಪರೆ

ಭಾರತದ ಮೊದಲ ಮಹಿಳಾ ಪೊಲೀಸ್ ಠಾಣೆ 1973ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಆರಂಭವಾಯಿತು. ದಿಲ್ಲಿ ಪೊಲೀಸರು 1983ರಲ್ಲಿ ವರದಕ್ಷಿಣೆ ವಿರೋಧಿ ಕೋಶವನ್ನು ತೆರೆದರು; ಅದೇ ಮುಂದೆ ಮಹಿಳೆಯರ ಮೇಲಿನ ಅಪರಾಧಗಳ ಕೋಶವಾಯಿತು. ತಮಿಳುನಾಡು 1992ರಿಂದ ಮಹಿಳಾ ಠಾಣೆಗಳನ್ನು ದೊಡ್ಡ ಪ್ರಮಾಣದಲ್ಲಿ ಸ್ಥಾಪಿಸಿತು. ಭಾರತದ ಹೊರಗೆ ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರ 1985ರಲ್ಲಿ ಮಹಿಳಾ ಠಾಣೆಯನ್ನು ತೆರೆದು ಲ್ಯಾಟಿನ್ ಅಮೆರಿಕದ ಇತರ ದೇಶಗಳಿಗೆ ಮೇಲ್ಪಂಕ್ತಿಯಾಯಿತು.

ನಮ್ಮ ಪ್ರದೇಶಕ್ಕೆ ನೆರೆಯ ಮಹಾರಾಷ್ಟ್ರದ ಪ್ರಯೋಗ ಇವೆಲ್ಲಕ್ಕಿಂತ ಹತ್ತಿರದ್ದು. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಮುಂಬಯಿ ಪೊಲೀಸ್ ಆಯುಕ್ತರ ಕಚೇರಿಯೊಳಗೆ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಕೋಶವನ್ನು ಆರಂಭಿಸಿತು. ಪೊಲೀಸರಲ್ಲದ, ತರಬೇತಿ ಪಡೆದ ಸಮಾಜ ಕಾರ್ಯಕರ್ತೆಯರು ಠಾಣೆಯ ಆವರಣದಲ್ಲಿಯೇ ಕುಳಿತು ಹೆಣ್ಣುಮಕ್ಕಳ ಅಹವಾಲನ್ನು ಕೇಳಿ, ಬರೆದುಕೊಂಡು, ದೂರು ದಾಖಲಿಸಲು ನೆರವಾಗುವುದು ಇದರ ವಿಶೇಷ. 2005ರಲ್ಲಿ ಮಹಾರಾಷ್ಟ್ರ ಸರಕಾರ ಇದನ್ನು ತನ್ನ ಯೋಜನೆಯಾಗಿ ಅಂಗೀಕರಿಸಿತು. ಪೊಲೀಸರ ಅಧಿಕಾರ ಮತ್ತು ಸಮಾಜ ಕಾರ್ಯದ ತಾಳ್ಮೆ ಒಂದೇ ಸೂರಿನಡಿ ಸೇರಿದ ಮಾದರಿಯಿದು.

ಕರ್ನಾಟಕದಲ್ಲಿ 1980-90ರ ದಶಕಗಳಲ್ಲಿ ಬೆಂಗಳೂರಿನ ವಿಮೋಚನಾ ಮೊದಲಾದ ಮಹಿಳಾ ಸಂಘಟನೆಗಳು ವಿವಾಹಿತೆಯರ ಅಸ್ವಾಭಾವಿಕ ಸಾವುಗಳ ಪ್ರಶ್ನೆಯನ್ನು ಎತ್ತಿದವು. ಸ್ಟೋವ್ ಸ್ಫೋಟ, ಅಡುಗೆಮನೆಯ ಆಕಸ್ಮಿಕ, ಹೊಟ್ಟೆನೋವಿನ ಬಾಧೆ ಎಂದು ಮುಚ್ಚಿಹೋಗುತ್ತಿದ್ದ ಸಾವುಗಳ ಕಡೆಗೆ ಅವು ಸಾರ್ವಜನಿಕರ ಗಮನ ಸೆಳೆದವು. 1999ರಲ್ಲಿ ಬೆಂಗಳೂರು ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಆರಂಭವಾಯಿತು. 2000-01ರಿಂದ ಸ್ವಯಂಸೇವಾ ಸಂಸ್ಥೆಗಳ ಮೂಲಕ ಸಾಂತ್ವನ ಕೇಂದ್ರಗಳು ಜಿಲ್ಲೆ, ತಾಲೂಕುಗಳಿಗೆ ಬಂದವು. 2015ರ ನಂತರ ಕೇಂದ್ರ ಸರಕಾರದ ಸಖಿ ಕೇಂದ್ರಗಳು ಸೇರಿದವು. ಬಾಗಲಕೋಟೆ ಜಿಲ್ಲಾ ಕೇಂದ್ರದಲ್ಲಿ ಮಹಿಳಾ ಪೊಲೀಸ್ ಠಾಣೆಯಿದೆ. 2020ರಿಂದ ನಿರ್ಭಯಾ ನಿಧಿಯ ನೆರವಿನಲ್ಲಿ ಸಾಮಾನ್ಯ ಠಾಣೆಗಳಲ್ಲಿಯೇ ಮಹಿಳಾ ಸಹಾಯ ಕೇಂದ್ರಗಳನ್ನು ತೆರೆಯುವ ಯೋಜನೆ ದೇಶದಾದ್ಯಂತ ನಡೆಯಿತು.

6. ಪರಿಣಾಮ: ಅಧ್ಯಯನಗಳು ಹೇಳುವುದೇನು?

ಘಟಕಗಳನ್ನು ಸ್ಥಾಪಿಸಿದ ಮಾತ್ರಕ್ಕೆ ಹಿಂಸೆ ತಗ್ಗಿತೇ? 2017ರಲ್ಲಿ ಪ್ರಕಟವಾದ ಬ್ರೆಜಿಲ್ ಕುರಿತ ಅಧ್ಯಯನದ ಪ್ರಕಾರ ಮಹಾನಗರ ಪ್ರದೇಶಗಳಲ್ಲಿ ಮಹಿಳಾ ಠಾಣೆಗಳಿದ್ದೆಡೆ, ವಿಶೇಷವಾಗಿ ಯುವತಿಯರ ಹತ್ಯೆಗಳು ಇಳಿದಿದ್ದವು. ಆದರೆ ಹರಿಯಾಣದಲ್ಲಿ 2015ರಲ್ಲಿ ಜಿಲ್ಲೆಗೊಂದರಂತೆ ತೆರೆದ ಮಹಿಳಾ ಠಾಣೆಗಳನ್ನು ಕುರಿತು ನಿರ್ವಿಕಾರ್ ಜಸ್ಸಲ್ 2020ರಲ್ಲಿ ಪ್ರಕಟಿಸಿದ ಸಂಶೋಧನೆ ಬೇರೆಯೇ ಚಿತ್ರ ನೀಡಿತು. ಹತ್ತಿರದ ಸಾಮಾನ್ಯ ಠಾಣೆಯವರು ಹೆಂಗಸರ ದೂರನ್ನು ತಮ್ಮದಲ್ಲವೆಂದು ದೂರದ ಮಹಿಳಾ ಠಾಣೆಗೆ ದಾಟಿಸತೊಡಗಿದರು. ಅಲ್ಲಿ ದೂರಿಗಿಂತ ಆಪ್ತ ಸಮಾಲೋಚನೆಯೇ ಮುಂದಾಯಿತು. ಪ್ರತ್ಯೇಕತೆ ಸೌಲಭ್ಯವಾಗುವ ಬದಲು ಅಡ್ಡಿಯಾಯಿತು.

ಇದಕ್ಕೆ ಪ್ರತಿಯಾಗಿ ಮಧ್ಯಪ್ರದೇಶದ 180 ಠಾಣೆಗಳಲ್ಲಿ ಸುಖಟಣಕರ, ಕ್ರುಕ್ಸ್-ವಿಸ್ನರ್ ಮತ್ತು ಮಂಗ್ಲಾ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಾತ್ಮಕ ಅಧ್ಯಯನದಲ್ಲಿ, ಸಾಮಾನ್ಯ ಠಾಣೆಯೊಳಗೇ ತೆರೆದ ಮಹಿಳಾ ಸಹಾಯ ಕೇಂದ್ರಗಳಿಂದ ಹೆಂಗಸರ ಪ್ರಕರಣಗಳ ದಾಖಲಾತಿ ಹೆಚ್ಚಿದ್ದು ಕಂಡುಬಂದಿತು. ಮಹಿಳಾ ಅಧಿಕಾರಿಗಳೇ ನಡೆಸಿದ ಕೇಂದ್ರಗಳಲ್ಲಿ ಎಫ್‌ಐಆರ್‌ಗಳ ಸಂಖ್ಯೆ ಎದ್ದು ಕಾಣುವಂತೆ ಏರಿತು. ಬಂಧನದ ವಿಷಯದಲ್ಲಿಯೂ ಎಚ್ಚರ ಬೇಕು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 1981-82ರಲ್ಲಿ ನಡೆದ ಪ್ರಯೋಗ, ಬಂಧನದಿಂದ ಮರುಹಲ್ಲೆ ತಗ್ಗುತ್ತದೆಂದು ತೋರಿಸಿತ್ತು. ಬೇರೆ ನಗರಗಳಲ್ಲಿ ಅದನ್ನು ಪುನರಾವರ್ತಿಸಿದಾಗ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಉದ್ಯೋಗವಿದ್ದವರನ್ನು ಬಂಧನ ಹಿಮ್ಮೆಟ್ಟಿಸಿತೇ ಹೊರತು ಕಳೆದುಕೊಳ್ಳಲು ಏನೂ ಇಲ್ಲದವರನ್ನು ಹಾಗೆ ತಡೆಯಲಿಲ್ಲ.

ಭಾರತದಲ್ಲಿ 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ 498-ಎ ಪ್ರಕರಣಗಳಲ್ಲಿ ಯಾಂತ್ರಿಕ ಬಂಧನ ನಿಂತಿತು. ಕಾನೂನಿನ ದುರುಪಯೋಗವಾಗುತ್ತಿದೆಯೆಂಬ ಆಕ್ಷೇಪ ಈ ತೀರ್ಪಿನ ಹಿನ್ನೆಲೆಯಲ್ಲಿತ್ತು. ಆ ಆಕ್ಷೇಪಕ್ಕೂ ಸರಿಯಾದ ಉತ್ತರ ಸಕಾಲಿಕ ದಾಖಲೆಯೇ. ಗಾಯದ ವೈದ್ಯಕೀಯ ವಿವರ, ಮೊದಲ ದೂರಿನ ದಿನಾಂಕ, ನೆರೆಯವರ ಹೇಳಿಕೆಗಳು ಕ್ರಮವಾಗಿ ಇದ್ದಲ್ಲಿ ನಿಜವಾದ ದೂರು ಗಟ್ಟಿಯಾಗುತ್ತದೆ, ಸುಳ್ಳು ದೂರು ತಾನಾಗಿ ಉದುರುತ್ತದೆ.

7. ರಾಜಿಯ ಪ್ರಶ್ನೆ

ಎಲ್ಲ ರಾಜಿಯೂ ಕೆಟ್ಟದ್ದೆಂದು ಇಲ್ಲಿ ಹೇಳುತ್ತಿಲ್ಲ. ಬಹುಪಾಲು ಹೆಣ್ಣುಮಕ್ಕಳು ಬಯಸುವುದು ಗಂಡನ ಸೆರೆವಾಸವನ್ನಲ್ಲ, ಹೊಡೆತ ನಿಲ್ಲುವುದನ್ನು. ಆದರೆ ಬರಹವಿಲ್ಲದ ರಾಜಿಗೆ ನೆನಪಿಲ್ಲ. ಎರಡನೆಯ ಸಲ ಬಂದಾಗ ಆಕೆ ಮೊದಲ ಸಲ ಬಂದವಳಂತೆಯೇ ನಿಲ್ಲಬೇಕಾಗುತ್ತದೆ. ಠಾಣೆಯಲ್ಲಿ ಬುದ್ಧಿಮಾತು ಹೇಳಿ ಕಳುಹಿಸಿದ ಪ್ರಕರಣ ಮುಂದೆ ಅಸ್ವಾಭಾವಿಕ ಮರಣದ ವರದಿಯಾಗಿ ಅದೇ ಠಾಣೆಗೆ ಮರಳಿದಾಗ, ಹಿಂದಿನ ಭೇಟಿಗಳ ಒಂದು ಸಾಲೂ ಸಿಗದಿದ್ದರೆ ಸಾವಿನ ಕಾರಣವನ್ನು ಸಾಬೀತುಪಡಿಸುವವರಾರು? 304-ಬಿ ಪ್ರಕರಣದಲ್ಲಿ ಸಾವಿಗೆ ತುಸು ಮುಂಚೆ ಕಿರುಕುಳವಿತ್ತೆಂದು ತೋರಿಸಬೇಕಾಗುತ್ತದೆ. ಆ ಪುರಾವೆ ಹುಟ್ಟಬೇಕಾದದ್ದು ಆಕೆ ಬದುಕಿರುವಾಗ, ಠಾಣೆಯ ಮೇಜಿನ ಮೇಲೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019-21) ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆಗೆ ಒಳಗಾದುದಾಗಿ ತಿಳಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು ಶೇ. 20.6 ಇತ್ತು. ಹಿಂಸೆಗೆ ಒಳಗಾದವರಲ್ಲಿ ನೆರವು ಕೇಳಿದವರು ದೇಶದಲ್ಲಿ ಕೇವಲ ಶೇ. 14. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ 2022ರ ವರದಿಯಂತೆ ದೇಶದಲ್ಲಿ ಮಹಿಳೆಯರ ಮೇಲಿನ 4,45,256 ಪ್ರಕರಣಗಳಲ್ಲಿ ಶೇ. 31.4 ಗಂಡ ಹಾಗೂ ಸಂಬಂಧಿಕರ ಕ್ರೌರ್ಯದ್ದು. ಸಮೀಕ್ಷೆಯ ಅಂಕಿ ಮತ್ತು ಠಾಣೆಯ ಅಂಕಿಗಳ ನಡುವಣ ಅಂತರವೇ ರಾಜಿಯ ವಿಸ್ತಾರವನ್ನು ಸೂಚಿಸುತ್ತದೆ. ಆದುದರಿಂದ ಹೊಸ ಘಟಕ ಬಂದ ವರ್ಷ ಪ್ರಕರಣಗಳ ಸಂಖ್ಯೆ ಏರಿದರೆ ಅದನ್ನು ಅಪರಾಧದ ಏರಿಕೆಯೆಂದು ಎಣಿಸಿ ಠಾಣಾಧಿಕಾರಿಯನ್ನು ಪ್ರಶ್ನಿಸುವುದು ತಪ್ಪಾಗುತ್ತದೆ. ಅಂಥ ಪ್ರಶ್ನೆಯ ಭಯದಿಂದಲೇ ಎಷ್ಟೋ ದೂರುಗಳು ದಾಖಲಾಗದೆ ಉಳಿಯುತ್ತವೆ.

8. ಈ ಪರಿಸರಕ್ಕೆ ಒಪ್ಪುವ ರೂಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಬಾಗಲಕೋಟೆಯ ಒಂದು ಮಹಿಳಾ ಠಾಣೆಯನ್ನೇ ನೆಚ್ಚಿದರೆ ಹರಿಯಾಣದ ಅನುಭವ ಇಲ್ಲಿಯೂ ಮರುಕಳಿಸಬಹುದು. ತೇರದಾಳದ ಅಥವಾ ಸಾವಳಗಿಯ ಹೆಣ್ಣುಮಗಳಿಗೆ ಜಿಲ್ಲಾ ಕೇಂದ್ರದ ಪ್ರಯಾಣವೆಂದರೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಮನೆಯವರಿಗೆ ಹೇಳಬೇಕಾದ ಒಂದು ನೆಪ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳ ಠಾಣೆಗಳಲ್ಲಿಯೇ ಮಹಿಳಾ ಅಧಿಕಾರಿ ನಡೆಸುವ ಸಹಾಯ ಕೇಂದ್ರವೂ ಮುಂಬಯಿ ಮಾದರಿಯ ಸಮಾಜ ಕಾರ್ಯಕರ್ತೆಯೂ ಇರುವುದು ಹೆಚ್ಚು ಉಪಯುಕ್ತ. ಆ ಅಧಿಕಾರಿಯನ್ನು ಜಾತ್ರೆ, ಚುನಾವಣೆ, ಮಂತ್ರಿಗಳ ಭೇಟಿಯ ಬಂದೋಬಸ್ತಿಗೆ ಎಳೆಯದಿರುವುದು ಅಷ್ಟೇ ಮುಖ್ಯ. ಮೊದಲ ಭೇಟಿಯಲ್ಲಿಯೇ ಕೌಟುಂಬಿಕ ಘಟನಾ ವರದಿ ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಒಂದು ಪ್ರತಿ ಕಳುಹಿಸಬೇಕು. ಉಭಯರೂ ಒಪ್ಪಿ ಮರಳುವುದಾದರೂ ಷರತ್ತುಗಳು ಲಿಖಿತವಾಗಿರಬೇಕು. ಬಳಿಕ ನಿಗದಿತ ದಿನಗಳಲ್ಲಿ ಆ ಮನೆಗೆ ಭೇಟಿ ನೀಡಿ ಆಕೆಯನ್ನು ಒಬ್ಬಳನ್ನೇ ಮಾತನಾಡಿಸಬೇಕು. ಗಂಡನಿಗೆ ಯಾರೋ ಮತ್ತೆ ಬಂದು ಕೇಳುತ್ತಾರೆಂಬ ಅರಿವು ಒಂದು ರಾತ್ರಿಯ ಲಾಕಪ್ಪಿಗಿಂತ ಹೆಚ್ಚು ಕಾಲ ಕೆಲಸ ಮಾಡಬಲ್ಲದು.

9. ಉಪಸಂಹಾರ

ಪೊಲೀಸ್ ಪಾಟೀಲನ ಕಟ್ಟೆಯಿಂದ ಮಹಿಳಾ ಸಹಾಯ ಕೇಂದ್ರದ ಮೇಜಿನವರೆಗೆ ಈ ನಾಲ್ಕು ತಾಲೂಕುಗಳು ಬಂದ ದಾರಿ ದೀರ್ಘವಾದುದು. ಸಂಸ್ಥಾನಗಳು ಹೋದವು, ದಫ್ತರಿನ ಭಾಷೆ ಕನ್ನಡವಾಯಿತು, ಕಾನೂನು ಹೆಂಗಸಿನ ಪರವಾಗಿ ಮಾತನಾಡಲು ಕಲಿಯಿತು. ಆದರೂ ಕಟ್ಟೆಯ ಪದ್ಧತಿ ಖಾಕಿ ತೊಟ್ಟು ಠಾಣೆಯೊಳಗೆ ಕೂಡುವ ಸಾಧ್ಯತೆ ಇದ್ದೇ ಇದೆ. ವಿಶೇಷ ಘಟಕವು ಹತ್ತಿರದಲ್ಲಿದ್ದು, ಬರೆದುಕೊಂಡು, ಮತ್ತೆ ಹೋಗಿ ನೋಡಿದರೆ ಮಾತ್ರ ಹಿಂಸೆಯನ್ನು ತಗ್ಗಿಸುವ ಸಾಧನವಾಗುತ್ತದೆ. ಇಲ್ಲವಾದರೆ ಹಳೆಯ ಪಂಚಾಯಿತಿಗೆ ಹೊಸ ಫಲಕವಾಗುತ್ತದೆ. ಮುಂದಿನ ಸಂಶೋಧಕರು ಈ ತಾಲೂಕುಗಳ ಠಾಣಾ ದಫ್ತರಗಳನ್ನು ತೆರೆದಾಗ ಹೆಣ್ಣುಮಕ್ಕಳ ಮಾತು ಅವರು ಬದುಕಿದ್ದಾಗಿನ ದೂರುಗಳಲ್ಲಿ ದೊರೆಯಬೇಕೇ ಹೊರತು ಮರಣೋತ್ತರ ಪಂಚನಾಮೆಗಳಲ್ಲಿ ಅಲ್ಲ.